ಅಪ್ಪ ಹೇಳದೆ ಬಿಟ್ಟ ಮುಷ್ಕರದ ಕತೆ

ಬೆಂಗಳೂರಿನ ಕುರುಬರಹಳ್ಳಿಯ ಅಡ್ಡರಸ್ತೆಗಳಲ್ಲಿ ಮನೆಗಳು ಎತ್ತರಕ್ಕೆ ಬೆಳೆದಿವೆ. ಇಪ್ಪತ್ತು ಮೂವತ್ತರ ಸೈಟು, ಅದರ ಮೇಲೆ ಮೂರೋ ನಾಲ್ಕೋ ಅಂತಸ್ತು. ನೆಲಮಹಡಿಯಲ್ಲಿ ಮನೆ ಕಟ್ಟಿಸಿದ ಹಿರಿಯರು, ಒಂದನೇ ಮಹಡಿಯಲ್ಲಿ ಮಗನ ಸಂಸಾರ, ಮೇಲಿನೆರಡರಲ್ಲಿ ಪೀಣ್ಯಕ್ಕೋ ಯಶವಂತಪುರಕ್ಕೋ ಕೆಲಸಕ್ಕೆ ಹೋಗುವ ಬಾಡಿಗೆಯವರು. ಬಾಡಿಗೆ ಬೀಳುವುದು ಅಪ್ಪನ ಖಾತೆಗೆ, ಕರೆಂಟು ನೀರಿನ ಬಿಲ್ಲು ಹೋಗುವುದು ಮಗನ ಫೋನಿನಿಂದ. ಇಂಥ ಮನೆಗಳಲ್ಲಿ ದುಡ್ಡಿನ ಮಾತು ದಿನಕ್ಕೆ ನಾಲ್ಕು ಸಲ ಮೆಟ್ಟಿಲು ಹತ್ತಿ ಇಳಿಯುತ್ತದೆ.

ಕೆಳಗಿನಿಂದ ಹೋಗುವ ಮಾತು ಹೀಗಿರುತ್ತದೆ: 'ನಾವು ಹೊಟ್ಟೆ ಬಟ್ಟೆ ಕಟ್ಟಿ ಮಾಡಿದ್ದು ಕಣಪ್ಪ ಇದೆಲ್ಲ. ನಿಮಗೆ ಒಂದು ಕಾಫಿಗೇ ಇನ್ನೂರು ರೂಪಾಯಿ ಬೇಕು.' ಮೇಲಿನಿಂದ ಬರುವ ಮಾತು: 'ನಿಮ್ಮ ಕಾಲದಲ್ಲಿ ಸೈಟು ಸಿಗ್ತಿತ್ತು, ಪರ್ಮನೆಂಟ್ ಕೆಲಸ ಸಿಗ್ತಿತ್ತು. ನಮಗೇನಿದೆ ಹೇಳಿ?' ಚುನಾವಣೆ ಹತ್ತಿರ ಬಂದಾಗ ಇದರ ಜತೆಗೆ ಇನ್ನೊಂದು ಸೇರಿಕೊಳ್ಳುತ್ತದೆ. ಅಪ್ಪ ಬೆಳಿಗ್ಗೆ ಆರಕ್ಕೇ ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ವಿಡಿಯೋ ಹಾಕುತ್ತಾರೆ, ಮಗಳು ಅದು ಸುಳ್ಳೆಂದು ಅಲ್ಲೇ ಬರೆಯುತ್ತಾಳೆ, ದೊಡ್ಡಪ್ಪನೊಬ್ಬರು ಗುಂಪು ಬಿಟ್ಟು ಹೋಗುತ್ತಾರೆ. ಹಬ್ಬಕ್ಕೆ ಎಲ್ಲರೂ ಸೇರಿದಾಗ ಆ ವಿಷಯ ಬಿಟ್ಟು ಮಿಕ್ಕಿದ್ದೆಲ್ಲ ಮಾತಾಡುತ್ತಾರೆ.

ದುಡ್ಡಿನ ಆ ಎರಡು ಮಾತೂ ನಿಜ. ಆದರೆ ಎರಡರಲ್ಲೂ ಒಂದೇ ಸಂಗತಿ ಬಿಟ್ಟುಹೋಗಿದೆ. ಈ ಮನೆ ಯಾವ ದುಡ್ಡಿನಲ್ಲಿ ಎದ್ದಿತು ಎಂಬ ಪೂರ್ತಿ ಲೆಕ್ಕವನ್ನು ಹಿರಿಯರು ಹೇಳಲಿಲ್ಲ, ಕಿರಿಯರು ಕೇಳಲಿಲ್ಲ.

ಪಕ್ಕದ ರಾಜಾಜಿನಗರ ಬೆಳೆದದ್ದು ಕೈಗಾರಿಕೆಯ ಆಸರೆಯಲ್ಲಿ. ಕಿರ್ಲೋಸ್ಕರ್ ಎಲೆಕ್ಟ್ರಿಕ್ 1946ರಲ್ಲಿ ಶುರುವಾಯಿತು. ಯಶವಂತಪುರದ ದಾರಿಯಲ್ಲಿ ಮೈಸೂರು ಸ್ಯಾಂಡಲ್ ಸೋಪಿನ ಕಾರ್ಖಾನೆ, ಮಾಗಡಿ ರಸ್ತೆಯ ಕಡೆ ಬಿನ್ನಿ ಮಿಲ್, ಮಲ್ಲೇಶ್ವರದ ಅಂಚಿಗೆ ರಾಜಾ ಮಿಲ್ ಮತ್ತು ಮೈಸೂರು ಲ್ಯಾಂಪ್ಸ್. ಉತ್ತರಕ್ಕೆ ಜಾಲಹಳ್ಳಿಯಲ್ಲಿ 1953ರ ಎಚ್.ಎಂ.ಟಿ., 1954ರ ಬಿ.ಇ.ಎಲ್. ಮಂಡ್ಯ, ಹಾಸನ, ತುಮಕೂರಿನ ಕಡೆಯಿಂದ ಕೆಲಸ ಹುಡುಕಿ ಬಂದವರಿಗೆ ರಾಜಾಜಿನಗರದ ಬ್ಲಾಕುಗಳು ದುಬಾರಿಯಾಗುತ್ತ ಹೋದಂತೆ ಅವರು ಬಾಡಿಗೆ ಕಡಿಮೆಯಿದ್ದ ಹಳ್ಳಿಗಳ ಕಡೆ ಸರಿದರು. ಕುರುಬರಹಳ್ಳಿ, ಕಾಮಾಕ್ಷಿಪಾಳ್ಯ, ಲಗ್ಗೆರೆ ತುಂಬಿದ್ದು ಹಾಗೆ. ಮೊದಲು ವಠಾರದ ಒಂದು ಕೋಣೆ, ಆಮೇಲೆ ರೆವಿನ್ಯೂ ಸೈಟು, ಅದರ ಮೇಲೆ ಶೀಟಿನ ಮನೆ, ಹತ್ತು ವರ್ಷಕ್ಕೆ ಆರ್‌.ಸಿ.ಸಿ.

ಆ ಆರ್‌.ಸಿ.ಸಿ. ಬರಿಯ ಮಿತವ್ಯಯದಿಂದ ಬಂತೇ? ತಿಂಡಿ ಕಟ್ಟಿಕೊಂಡು ಹೋಗಿ, ಒಂದೇ ಜತೆ ಚಪ್ಪಲಿಯಲ್ಲಿ ವರ್ಷ ಕಳೆದದ್ದು ಸುಳ್ಳಲ್ಲ. ಆದರೆ ಮಿತವ್ಯಯ ಮಾಡಲಿಕ್ಕೆ ತಿಂಗಳ ಕೊನೆಗೆ ಸಂಬಳ ಎನ್ನುವುದು ಬರಬೇಕು. ಕಾರ್ಮಿಕರ ಮನೆಗಳ ಗೋಡೆಗಳನ್ನು ಓದುತ್ತ ಹೋದರೆ ಕಾಯ್ದೆಗಳ ಹೆಸರು ಸಿಗುತ್ತದೆ. ತಳಪಾಯಕ್ಕೆ ಪಿ.ಎಫ್. ಮುಂಗಡ: ಅದು 1952ರ ಕಾಯ್ದೆ. ಬಾಗಿಲು ಕಿಟಕಿಗೆ ದೀಪಾವಳಿ ಬೋನಸ್: 1965ರ ಕಾಯ್ದೆ. ಮೊದಲ ಮಹಡಿಗೆ ಗ್ರಾಚ್ಯುಟಿ: 1972ರ ಕಾಯ್ದೆ. ಹೆರಿಗೆಗೆ, ಆಪರೇಷನ್ನಿಗೆ ಕೈಯಿಂದ ದುಡ್ಡು ಹೋಗದಂತೆ ಕಾದದ್ದು ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆ, ಅದರ ಹಿಂದಿದ್ದುದು 1948ರ ಕಾಯ್ದೆ. ಎಂಟು ಗಂಟೆಯ ಪಾಳಿ, ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ಕೂಲಿ, ಕ್ಯಾಂಟೀನಿನ ಊಟ, ಕಾರ್ಖಾನೆಯ ಬಸ್ಸು, ಇವು ಯಾವುವೂ ಯಜಮಾನರ ಔದಾರ್ಯದಿಂದ ಸಿಕ್ಕಿದ್ದಲ್ಲ. ಗೇಟಿನ ಹೊರಗೆ ನಿಂತು ಕೇಳಿದ್ದರಿಂದ, ಕೇಳುವಾಗ ಒಟ್ಟಿಗಿದ್ದುದರಿಂದ ಬಂದವು.

ಆ ಕೇಳುವಿಕೆಯ ದೊಡ್ಡ ಅಧ್ಯಾಯ ನಡೆದದ್ದು ಇದೇ ಊರಿನಲ್ಲಿ. 1980ರ ಡಿಸೆಂಬರ್ ಕೊನೆಯಲ್ಲಿ ಎಚ್.ಎ.ಎಲ್., ಬಿ.ಇ.ಎಲ್., ಎಚ್.ಎಂ.ಟಿ., ಐ.ಟಿ.ಐ., ಬಿ.ಇ.ಎಂ.ಎಲ್. ಕಾರ್ಖಾನೆಗಳ ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಒಟ್ಟಿಗೆ ಕೆಲಸ ನಿಲ್ಲಿಸಿದರು. ಬಿ.ಎಚ್.ಇ.ಎಲ್. ಕಾರ್ಮಿಕರಿಗೆ ಸಿಗುವ ಸಂಬಳಕ್ಕೆ ಸಮನಾದ ಸಂಬಳ ನಮಗೂ ಬೇಕು ಎಂಬುದು ಅವರ ಮುಖ್ಯ ಬೇಡಿಕೆ. ಮುಷ್ಕರ 77 ದಿನ ನಡೆಯಿತು, 1981ರ ಮಾರ್ಚ್‌ವರೆಗೆ. ಸಂಬಳವಿಲ್ಲದ 77 ದಿನ ಎಂದರೆ ದಿನಸಿ ಅಂಗಡಿಯ ಸಾಲದ ಪುಸ್ತಕ, ಗಿರವಿ ಅಂಗಡಿಗೆ ಹೋದ ಸರ, ಊರಿನಿಂದ ಬಂದ ರಾಗಿ ಮೂಟೆ. ಸರ್ಕಾರ ಸುಲಭಕ್ಕೆ ಬಗ್ಗಲಿಲ್ಲ, ಕೇಳಿದ್ದು ಕೇಳಿದಂತೆ ಸಿಗಲಿಲ್ಲ. ಆದರೂ ಬೆಂಗಳೂರು ತಾನೊಂದು ಕಾರ್ಮಿಕರ ನಗರ ಎಂದು ಅಷ್ಟು ಜೋರಾಗಿ ಮತ್ತೆಂದೂ ಹೇಳಿಕೊಂಡಿಲ್ಲ.

ಈ ಕತೆಯನ್ನು ಎಷ್ಟು ಮಂದಿ ಅಪ್ಪಂದಿರು ಮಕ್ಕಳಿಗೆ ಹೇಳಿದ್ದಾರೆ? ಸೈಕಲ್ ತುಳಿದು ಜಾಲಹಳ್ಳಿಗೆ ಹೋದದ್ದು ಹೇಳಿದ್ದಾರೆ. ಒಂದೇ ಪ್ಯಾಂಟನ್ನು ಒಗೆದು ಒಗೆದು ಹಾಕಿಕೊಂಡದ್ದು ಹೇಳಿದ್ದಾರೆ. ಚಂದಾ ಎತ್ತಿದ್ದು, ಗೇಟ್ ಸಭೆಯಲ್ಲಿ ಕೂಗಿದ್ದು, ಕೆಲಸಕ್ಕೆ ಮೊದಲೇ ಮರಳಿದ ಗೆಳೆಯನ ಜತೆ ಮಾತು ಬಿಟ್ಟದ್ದು ಹೇಳಿಲ್ಲ. ಏಕೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. 1990ರ ದಶಕದಿಂದ ಈಚೆಗೆ ಯೂನಿಯನ್ ಎಂದರೆ ಕೆಲಸಗಳ್ಳರ ಕೂಟ ಎಂಬ ಮಾತು ಮನೆಮನೆಗೂ ಬಂತು. ಕಾರ್ಖಾನೆಗಳು ಒಂದೊಂದಾಗಿ ನಿಂತವು. 2002ರಲ್ಲಿ ಎನ್.ಜಿ.ಇ.ಎಫ್., 2003ರಲ್ಲಿ ಮೈಸೂರು ಲ್ಯಾಂಪ್ಸ್, ಎಚ್.ಎಂ.ಟಿ. ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿದ್ದು 2016ರ ಜನವರಿಯಲ್ಲಿ. ಸೋತ ಕತೆಯನ್ನು ಮಗನಿಗೆ ಯಾರು ಹೇಳುತ್ತಾರೆ? ವಿ.ಆರ್.ಎಸ್. ತೆಗೆದುಕೊಂಡು ಐವತ್ತರೊಳಗೇ ಮನೆಗೆ ಬಂದವರು ಮಗ ಇಂಜಿನಿಯರ್ ಆಗಲಿ, ಮಗಳು ಕಂಪ್ಯೂಟರ್ ಕಲಿಯಲಿ ಎಂದರು. ನಮ್ಮ ಹಾಗೆ ಆಗಬೇಡಿ ಎಂದು ಹೇಳುವಾಗ, ನಾವು ಏನಾಗಿದ್ದೆವು ಎಂಬುದನ್ನೂ ಅಳಿಸಿಬಿಟ್ಟರು.

ಅದರ ಫಲವನ್ನು ಈಗ ಉಣ್ಣುತ್ತಿದ್ದೇವೆ. ಒಟ್ಟಾಗಿ ಗಳಿಸಿದ್ದು ಒಬ್ಬೊಬ್ಬರ ಸದ್ಗುಣದ ಗಳಿಕೆಯಂತೆ ಕೇಳಿಸತೊಡಗಿತು. ಹಾಗೆ ಕೇಳಿಸಿದಾಗ ಅದು ಮಕ್ಕಳ ಕಿವಿಗೆ ಬೈಗುಳವೇ: ನಾನು ಕಷ್ಟಪಟ್ಟೆ, ಮನೆ ಕಟ್ಟಿದೆ; ನಿನಗೆ ಆಗುತ್ತಿಲ್ಲವೆಂದರೆ ನೀನು ಸೋಮಾರಿ.

ಮಕ್ಕಳ ಲೆಕ್ಕವನ್ನೂ ನೋಡೋಣ. ದೊಡ್ಡ ಐ.ಟಿ. ಕಂಪನಿಗಳಲ್ಲಿ ಹೊಸಬರ ಸಂಬಳ ಹೆಚ್ಚುಕಡಿಮೆ ಹದಿನೈದು ವರ್ಷದಿಂದ ವರ್ಷಕ್ಕೆ ಮೂರು, ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಆ ಹದಿನೈದು ವರ್ಷದಲ್ಲಿ ಬಾಡಿಗೆ ಏನಾಯಿತು ಎಂಬುದು ನೆಲಮಹಡಿಯವರಿಗೇ ಚೆನ್ನಾಗಿ ಗೊತ್ತು, ಏಕೆಂದರೆ ಅದನ್ನು ಏರಿಸಿದವರು ಅವರು. ಮನೆ ಹಿಡಿಯಬೇಕೆಂದರೆ ಹತ್ತು ತಿಂಗಳ ಅಡ್ವಾನ್ಸು, ಇಲ್ಲವೆ ಲಕ್ಷಗಟ್ಟಲೆ ಕೊಟ್ಟು ಲೀಸು. ಹಿಂದೆ ಪಟ್ಟಣ ಸುಧಾರಣಾ ಮಂಡಳಿಯೋ ಬಿ.ಡಿ.ಎ.ಯೋ ಹಂಚುವ ಸೈಟಿಗೆ ಕಾರ್ಖಾನೆಯ ಕಾರ್ಮಿಕನೂ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬಹುದಿತ್ತು. ಈಗ ಪಶ್ಚಿಮ ಬೆಂಗಳೂರಿನ ಅಂಚಿನಲ್ಲಿರುವ ನಾಡಪ್ರಭು ಕೆಂಪೇಗೌಡ ಬಡಾವಣೆಯಲ್ಲಿ ಸೈಟು ಸಿಕ್ಕವರೂ ರಸ್ತೆ, ನೀರು, ಕರೆಂಟಿಗಾಗಿ ವರ್ಷಗಟ್ಟಲೆ ಅಲೆದಿದ್ದಾರೆ. ಉಳಿತಾಯದ ಉಪದೇಶವೂ ಹಳೆಯ ಬಡ್ಡಿಯ ಮೇಲೆ ನಿಂತ ಉಪದೇಶ. 1986ರಿಂದ 2000ದ ಜನವರಿಯವರೆಗೆ ಪಿ.ಪಿ.ಎಫ್. ಬಡ್ಡಿ ಶೇ 12. ಆರು ವರ್ಷಕ್ಕೆ ದುಡ್ಡು ದುಪ್ಪಟ್ಟು. 2020ರ ಏಪ್ರಿಲ್‌ನಲ್ಲಿ ಅದು ಶೇ 7.1ಕ್ಕೆ ಇಳಿಯಿತು. ಈ ಬಡ್ಡಿಯಲ್ಲಿ ದುಪ್ಪಟ್ಟಾಗಲು ಹತ್ತು ವರ್ಷ ಬೇಕು. ಇನ್ನೂರು ರೂಪಾಯಿಯ ಕಾಫಿ ಬಿಟ್ಟರೆ ಮನೆ ಕಟ್ಟಬಹುದು ಎನ್ನುವವರು ಒಮ್ಮೆ ಕಾಗದ ಪೆನ್ನು ಹಿಡಿದು ಕೂರಬೇಕು.

ಕಿರ್ಲೋಸ್ಕರ್ ಕಾರ್ಖಾನೆಯಿದ್ದ ಜಾಗದಲ್ಲಿ ಈಗ ಬ್ರಿಗೇಡ್ ಗೇಟ್‌ವೇ ಇದೆ, ಒರಾಯನ್ ಮಾಲ್ ಇದೆ. ರಾಜಾ ಮಿಲ್ಲಿನ ಜಾಗದಲ್ಲಿ ಮಂತ್ರಿ ಸ್ಕ್ವೇರ್. ಕಾಯಂ ನೌಕರಿ, ಪಿ.ಎಫ್., ಗ್ರಾಚ್ಯುಟಿ ಕೊಟ್ಟ ನೆಲದ ಮೇಲೆಯೇ ಈಗ ಗುತ್ತಿಗೆಯ ಸೆಕ್ಯುರಿಟಿ, ಗುತ್ತಿಗೆಯ ಹೌಸ್‌ಕೀಪಿಂಗ್, ದಿನವಿಡೀ ನಿಂತೇ ಕೆಲಸ ಮಾಡುವ ಅಂಗಡಿ ಹುಡುಗಿಯರು. ಅದೇ ನೆಲ, ಹೆಚ್ಚುಕಡಿಮೆ ಅದೇ ಕುಟುಂಬಗಳಂಥ ಕುಟುಂಬಗಳು. ಬದಲಾದದ್ದು ಕೆಲಸದ ಕರಾರು.

2023ರ ಅಕ್ಟೋಬರ್‌ನಲ್ಲಿ ಇನ್ಫೊಸಿಸ್‌ನ ಎನ್.ಆರ್. ನಾರಾಯಣ ಮೂರ್ತಿಯವರು ದೇಶದ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. ಅದೇ ವರ್ಷದ ಆರಂಭದಲ್ಲಿ ರಾಜ್ಯ ಸರ್ಕಾರ ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ತಂದು ದಿನಕ್ಕೆ 12 ಗಂಟೆಯವರೆಗಿನ ಪಾಳಿಗೆ ದಾರಿ ಮಾಡಿತ್ತು. 2024ರ ಜುಲೈನಲ್ಲಿ ಐ.ಟಿ. ವಲಯದ ದುಡಿಮೆಯನ್ನು 14 ಗಂಟೆಗೆ ಏರಿಸುವ ಪ್ರಸ್ತಾಪ ಬಂದಾಗ ರಾಜ್ಯದ ಐ.ಟಿ. ನೌಕರರ ಸಂಘ ಕಿಟು ಬೀದಿಗಿಳಿಯಿತು. ಆಗ ಹಲವು ಮನೆಗಳಲ್ಲಿ ಕೇಳಿದ ಮಾತು ನನಗೆ ತುಂಬ ನೋವುಂಟುಮಾಡಿತು: 'ಎ.ಸಿ.ಯಲ್ಲಿ ಕೂತು ಇಷ್ಟು ಸಂಬಳ ತಗೊಂಡು ಇವರಿಗೆ ಯೂನಿಯನ್ ಬೇರೆ ಕೇಡು!' ಇದನ್ನು ಹೇಳಿದವರಲ್ಲಿ ಎಂಟು ಗಂಟೆಯ ಪಾಳಿಯಲ್ಲಿ ಬದುಕು ಕಟ್ಟಿಕೊಂಡವರಿದ್ದರು. ಎಂಟು ಗಂಟೆಯ ಮೇಲೆ ಹತ್ತು ನಿಮಿಷವಾದರೂ ಓವರ್‌ಟೈಮ್ ಬರೆಸುತ್ತಿದ್ದವರಿದ್ದರು. ಅವರು ಮಕ್ಕಳನ್ನು ದ್ವೇಷಿಸುವವರಲ್ಲ. ಆದರೂ ಮಕ್ಕಳು ತಾವು ನಡೆದ ದಾರಿಯಲ್ಲೇ ನಡೆಯುತ್ತಿದ್ದಾರೆ ಎಂಬುದು ಅವರಿಗೆ ಹೊಳೆಯಲಿಲ್ಲ.

ಹಾಗೆಂದು ಕಿರಿಯರ ಸಿಟ್ಟನ್ನು ಪೂರ್ತಿ ಒಪ್ಪಲು ನಾನು ಸಿದ್ಧನಿಲ್ಲ. ಹಿರಿಯರ ಹತ್ತಿರ ದುಡ್ಡಿದೆ ಎನ್ನುವಾಗ ಯಾವ ಹಿರಿಯರ ಹತ್ತಿರ ಎಂದು ಕೇಳಬೇಕು. ಉದ್ಯಾನದ ಒಂದೇ ಕಲ್ಲುಬೆಂಚಿನ ಮೇಲೆ ಕೂತ ಇಬ್ಬರು ನಿವೃತ್ತರಲ್ಲಿ ಒಬ್ಬರು ಸರ್ಕಾರಿ ನೌಕರಿಯಿಂದ ಬಂದವರಾದರೆ ಕೊನೆಯ ಮೂಲವೇತನದ ಅರ್ಧ, ಅದರ ಮೇಲೆ ತುಟ್ಟಿಭತ್ಯೆ ಬರುತ್ತದೆ. ಇನ್ನೊಬ್ಬರು ಖಾಸಗಿ ಕಾರ್ಖಾನೆಯಿಂದ ಬಂದವರಾದರೆ ಇ.ಪಿ.ಎಸ್.–95. ಅದರ ಕನಿಷ್ಠ ಪಿಂಚಣಿ 2014ರ ಸೆಪ್ಟೆಂಬರ್‌ನಲ್ಲಿ ತಿಂಗಳಿಗೆ ಸಾವಿರ ರೂಪಾಯಿ ಎಂದು ನಿಗದಿಯಾಯಿತು. ಆ ಯೋಜನೆಯ ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ 15 ಸಾವಿರ. ಮೂವತ್ತೈದು ವರ್ಷ ದುಡಿದವನಿಗೂ ಅದರ ಸೂತ್ರದಲ್ಲಿ ಏಳೂವರೆ ಸಾವಿರದ ಹತ್ತಿರ ಬಂದು ನಿಲ್ಲುತ್ತದೆ. ಮಿತಿ 6,500 ಇದ್ದ ಕಾಲದಲ್ಲಿ ನಿವೃತ್ತರಾದವರಿಗೆ ಅದರ ಅರ್ಧವೂ ಇಲ್ಲ. ಇದಕ್ಕೆ ತುಟ್ಟಿಭತ್ಯೆಯೂ ಸೇರುವುದಿಲ್ಲ. ಕೂಲಿಯಲ್ಲೇ ಬದುಕು ಕಳೆದವರಿಗೆ ಸಂಧ್ಯಾ ಸುರಕ್ಷಾ 1,200 ರೂಪಾಯಿ. ಮೇಲಿನ ಮಹಡಿಯ ಬಾಡಿಗೆಯನ್ನು ಅಪ್ಪ ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ ಎಂದು ಗೊಣಗುವ ಮಗ ಈ ಅಂಕಿಗಳನ್ನು ಒಮ್ಮೆ ನೋಡಲಿ. ಬಿ.ಪಿ., ಶುಗರ್ ಮಾತ್ರೆ, ಮಂಡಿಯ ಆಪರೇಷನ್ನು, ಊರಿನ ಮದುವೆ ಮುಯ್ಯಿ ಎಲ್ಲವೂ ಆ ಬಾಡಿಗೆಯಿಂದಲೇ ಹೋಗಬೇಕು. ಪ್ರತಿ ಸಲ ಮಗನ ಮುಂದೆ ಕೈಚಾಚುವುದು ಎಂಥ ಹಿರಿಯರಿಗೂ ಕಷ್ಟ.

ಬ್ಯಾಂಕಿನಲ್ಲಿಟ್ಟದ್ದೂ ಎಲ್ಲರಿಗೂ ಉಳಿದಿಲ್ಲ. 2020ರ ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಠೇವಣಿದಾರರು 35 ಸಾವಿರಕ್ಕಿಂತ ಹೆಚ್ಚು ತೆಗೆಯುವಂತಿಲ್ಲ ಎಂದಿತು. ಬಾಗಿಲ ಮುಂದೆ ನಿಂತವರಲ್ಲಿ ನಿವೃತ್ತರೇ ಬಹಳ. ಜೀವಮಾನದ ಗಂಟು ಅಲ್ಲಿ ಸಿಕ್ಕಿಕೊಂಡಿತ್ತು. ಹೆಚ್ಚು ಬಡ್ಡಿಯ ಆಸೆಗೆ ಬಿದ್ದಿರಿ ಎಂದು ಮಕ್ಕಳು ಅಪ್ಪನನ್ನು ಬೈದದ್ದು ಆ ದಿನಗಳಲ್ಲಿ ಎಷ್ಟೋ ಮನೆಗಳಲ್ಲಿ ನಡೆಯಿತು. ಆ ಹೆಚ್ಚಿನ ಬಡ್ಡಿ ಯಾವ ಖರ್ಚಿಗೆ ಬೇಕಾಗಿತ್ತು ಎಂದು ಕೇಳಿದ ಮಕ್ಕಳು ಕಡಿಮೆ.

ಕಿರಿಯರೂ ಒಂದೇ ಅಚ್ಚಿನವರಲ್ಲ. ಕಂಪನಿಯ ಷೇರು ಪಡೆಯುವ ಇಂಜಿನಿಯರೂ ಇದ್ದಾನೆ, ಊಟದ ಪಾರ್ಸೆಲ್ಲು ಹೊತ್ತು ರಾತ್ರಿ ಹನ್ನೆರಡರವರೆಗೆ ಬೈಕ್ ಓಡಿಸುವ ಹುಡುಗನೂ ಇದ್ದಾನೆ. ಶಾಲೆಯ ಒಂದೇ ಸ್ಟಾಫ್ ರೂಮಿನಲ್ಲಿ 2006ರ ಏಪ್ರಿಲ್ 1ಕ್ಕೆ ಮೊದಲು ಸೇರಿದ ಮೇಷ್ಟ್ರಿಗೆ ಹಳೆಯ ಪಿಂಚಣಿ, ಆ ದಿನ ಮತ್ತು ಆಮೇಲೆ ಸೇರಿದವರಿಗೆ ಎನ್.ಪಿ.ಎಸ್. ಒಂದು ತಾರೀಖು ಇಬ್ಬರ ಮುಪ್ಪನ್ನು ಬೇರೆ ಬೇರೆ ಮಾಡಿತು. ಎನ್.ಪಿ.ಎಸ್. ನೌಕರರು 2022ರ ಡಿಸೆಂಬರ್‌ನಲ್ಲಿ ಫ್ರೀಡಂ ಪಾರ್ಕಿನಲ್ಲಿ ದಿನಗಟ್ಟಲೆ ಕೂತರು. 2024ರ ಜನವರಿಯಲ್ಲಿ ಸುಮಾರು 13 ಸಾವಿರ ನೌಕರರಿಗೆ, ಅಂದರೆ ನೇಮಕದ ಅಧಿಸೂಚನೆ ಆ ತಾರೀಖಿಗೆ ಮೊದಲೇ ಹೊರಟಿದ್ದವರಿಗೆ, ಹಳೆಯ ಪಿಂಚಣಿ ಮರಳಿತು. ಉಳಿದವರು ಕಾಯುತ್ತಿದ್ದಾರೆ. ಹಿರಿಯ ಮೇಷ್ಟ್ರು ತಮ್ಮ ಪಿಂಚಣಿಗೆ ನಾಚಬೇಕಾಗಿಲ್ಲ. ಕಿರಿಯರಿಗೂ ಅದು ಸಿಗಬೇಕು ಎಂದು ಅವರು ಜತೆಗೆ ನಿಂತರೆ ಸಾಕು.

ಫ್ರಾನ್ಸಿನಲ್ಲಿ 2023ರಲ್ಲಿ ನಿವೃತ್ತಿಯ ವಯಸ್ಸನ್ನು 62ರಿಂದ 64ಕ್ಕೆ ಏರಿಸಿದಾಗ ಮೆರವಣಿಗೆಗಳಲ್ಲಿ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರೂ ಇದ್ದರು. ನಿವೃತ್ತಿಗೆ ನಲವತ್ತು ವರ್ಷ ಬಾಕಿಯಿದ್ದವರು ಅವರು. ಅಪ್ಪ ಅಮ್ಮನ ಪಿಂಚಣಿ ಹೋದರೆ ತಮ್ಮದೂ ಹೋದಂತೆ ಎಂಬ ತಿಳಿವಳಿಕೆ ಅಲ್ಲಿನ ಮನೆಗಳಲ್ಲಿ ಇನ್ನೂ ಇದೆ.

ನಮ್ಮಲ್ಲಿ ರಾಜಕೀಯ ಮನೆಯೊಳಗೆ ಬಂದದ್ದು ಬೇರೆ ಬಾಗಿಲಿನಿಂದ. 2023ರಲ್ಲಿ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಯಾರಿಗೆ, ಅತ್ತೆಗೋ ಸೊಸೆಗೋ ಎಂಬ ಪ್ರಶ್ನೆ ಎದ್ದಾಗ, ಅತ್ತೆಯೇ ಯಜಮಾನಿ, ಹಣ ಅವರಿಗೇ ಎಂಬರ್ಥದಲ್ಲಿ ಸಚಿವೆ ಲಕ್ಷ್ಮೀ ಹೆಬ್ಬಾಳ್ಕರ್ ಉತ್ತರಿಸಿದ್ದರು. ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಂಗಸನ್ನೇ ಯಜಮಾನಿಯಾಗಿ ಬರೆಯಬೇಕೆಂದು 2013ರ ಆಹಾರ ಭದ್ರತಾ ಕಾಯ್ದೆ ಹೇಳಿದ್ದರ ಮುಂದುವರಿಕೆ ಇದು. ತಕ್ಷಣ ಚೀಟಿ ಬೇರೆ ಮಾಡಿಸುವ ಮಾತು ಶುರುವಾಯಿತು. ಒಂದೇ ಒಲೆಯ ಮನೆಯಲ್ಲಿ ಎರಡು ಚೀಟಿ! ಜೀವನದಲ್ಲಿ ಮೊದಲ ಸಲ ತನ್ನ ಹೆಸರಿನ ಖಾತೆಗೆ ದುಡ್ಡು ಬಿದ್ದ ಅತ್ತೆಯ ಸಂತೋಷ ನನಗೆ ಅರ್ಥವಾಗುತ್ತದೆ. ಅಡುಗೆಯಿಂದ ಮಕ್ಕಳ ಫೀಸಿನವರೆಗೆ ಎಲ್ಲವನ್ನೂ ಎಳೆಯುತ್ತಿದ್ದು, ಪಟ್ಟಿಯಲ್ಲಿ ಹೆಸರೇ ಇಲ್ಲದ ಸೊಸೆಯ ಬೇಸರವೂ ಅರ್ಥವಾಗುತ್ತದೆ. ಇಬ್ಬರ ದುಡಿಮೆಗೂ ಬೆಲೆ ಕಟ್ಟದ ಮನೆಯ ಗಂಡಸರು ಮಾತ್ರ ಆ ಜಗಳವನ್ನು ನೋಡಿ ನಕ್ಕರು. ಅದು ಸರಿಯಲ್ಲ.

ಇನ್ನು 'ಬಿಟ್ಟಿ ಭಾಗ್ಯ' ಎಂಬ ಮಾತು. ಪಿಂಚಣಿ, ಬಸ್ಸಿನಲ್ಲಿ ಹಿರಿಯ ನಾಗರಿಕರ ಶೇ 25ರ ರಿಯಾಯಿತಿ ಪಡೆಯುವವರು ಹೆಂಗಸರ ಉಚಿತ ಟಿಕೆಟ್ಟನ್ನು ಬಿಟ್ಟಿ ಎನ್ನುತ್ತಾರೆ. ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ ಮೂರು ಸಾವಿರ ಕೊಡುವ, 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಶುರುವಾದ ಯುವನಿಧಿಯನ್ನು 'ಸೋಮಾರಿಗಳಿಗೆ ದುಡ್ಡು' ಎನ್ನುತ್ತಾರೆ. ಹುಡುಗರು ತಿರುಗಿ, ನಮ್ಮ ತೆರಿಗೆಯಲ್ಲಿ ನಿಮ್ಮ ಪಿಂಚಣಿ ಎನ್ನುತ್ತಾರೆ. ಸರ್ಕಾರದ ಖಜಾನೆಯಿಂದ ತನಗೆ ಬಂದರೆ ಹಕ್ಕು, ಇನ್ನೊಬ್ಬರಿಗೆ ಹೋದರೆ ಬಿಟ್ಟಿ. ಈ ಅಳತೆ ಎರಡೂ ತಲೆಮಾರಿನವರದ್ದು, ಎರಡು ಕಡೆಯೂ ತಪ್ಪು. ನಾವು ಯಾವ ಪಕ್ಷಕ್ಕೆ ಓಟು ಹಾಕುತ್ತೇವೆ ಎಂಬುದರ ಮೇಲೆ ಈ ಅಳತೆ ಬದಲಾಗುತ್ತದೆ ಎಂಬುದಂತೂ ಇನ್ನೂ ದುಃಖದ ಸಂಗತಿ.

ಓಟಿನ ವಿಷಯ ಬಂದಿದ್ದರಿಂದ ಇದನ್ನೂ ಹೇಳಬೇಕು. ಹುಡುಗರಿಗೆ ರಾಜಕೀಯದ ಗಂಧ ಇಲ್ಲ ಎಂದು ಹಿರಿಯರು ದೂರುತ್ತಾರೆ. ಬೆಂಗಳೂರಿನ ಪಾಲಿಕೆಗೆ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. ಕೌನ್ಸಿಲ್ಲಿನ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಆಮೇಲೆ ಆಡಳಿತಾಧಿಕಾರಿಗಳ ಕಾಲ. 2025ರ ಸೆಪ್ಟೆಂಬರ್‌ನಲ್ಲಿ ಊರನ್ನು ಐದು ಪಾಲಿಕೆಗಳಾಗಿ ಒಡೆದರು, ಆ ವರ್ಷ ಮುಗಿದರೂ ಚುನಾವಣೆ ಬರಲಿಲ್ಲ. ಅಂದರೆ 2015ರಲ್ಲಿ ಹದಿನೇಳು ವರ್ಷವಾಗಿದ್ದ ಕುರುಬರಹಳ್ಳಿಯ ಹುಡುಗಿ ಇಪ್ಪತ್ತೇಳು ತುಂಬಿದಾಗಲೂ ತನ್ನ ವಾರ್ಡಿಗೆ ಒಂದು ಓಟು ಹಾಕಿರಲಿಲ್ಲ. 2017ರ ಅಕ್ಟೋಬರ್ 13ರ ಸಂಜೆಯ ಮಳೆಗೆ ಇಲ್ಲಿಯ ರಾಜಕಾಲುವೆ ಉಕ್ಕಿ ಜನ ಕೊಚ್ಚಿಹೋದದ್ದನ್ನು ಅವಳು ನೋಡಿದ್ದಾಳೆ. ಕಾಲುವೆಯನ್ನು ಕಿರಿದಾಗಿಸುತ್ತ ಬಂದ ದಶಕಗಳಲ್ಲಿ ಅವಳು ಹುಟ್ಟಿಯೇ ಇರಲಿಲ್ಲ. ಅದನ್ನು ಸರಿಮಾಡಿ ಎಂದು ಕೇಳಲು ಅವಳಿಗೊಬ್ಬ ಕಾರ್ಪೊರೇಟರೂ ಇರಲಿಲ್ಲ. ಇವಳಿಗೆ ರಾಜಕೀಯದ ಗಂಧ ಇಲ್ಲ ಎನ್ನುವುದು ಅನ್ಯಾಯ.

ಜಗಳ ಕೊನೆಗೆ ಬಂದು ನಿಲ್ಲುವುದು ಮನೆಯ ಕಾಗದದ ಮೇಲೆ. ಸಿದ್ಧಲಿಂಗಯ್ಯ ನಿರ್ದೇಶನದ 'ಬಂಗಾರದ ಮನುಷ್ಯ' 1972ರಲ್ಲಿ ಬಂದಾಗ ಕರ್ನಾಟಕ ಅತ್ತದ್ದು ಈ ಕಾರಣಕ್ಕೇ. ಟಿ.ಕೆ. ರಾಮರಾಯರ ಕಾದಂಬರಿಯಿಂದ ಬಂದ ಆ ಕತೆಯಲ್ಲಿ ಅಕ್ಕನ ಸಂಸಾರವನ್ನು ಹೊತ್ತು, ಬಂಡೆ ಒಡೆದು ಹೊಲ ಮಾಡಿ, ಅಳಿಯನನ್ನು ಓದಿಸಿದ ರಾಜೀವನನ್ನು ಓದಿ ಬಂದ ಅಳಿಯನೇ ಲೆಕ್ಕ ಕೇಳುತ್ತಾನೆ. ರಾಜೀವ ಉತ್ತರ ಕೊಡದೆ ಮನೆ ಬಿಟ್ಟು ನಡೆಯುತ್ತಾನೆ. ನಮ್ಮ ಊರು ಐವತ್ತು ವರ್ಷದಿಂದ ಆ ಮೌನವನ್ನು ದೊಡ್ಡಗುಣ ಎಂದು ಕೊಂಡಾಡಿದೆ. ನನಗೆ ಆ ಚಿತ್ರ ಪ್ರಾಣ. ಆದರೂ ರಾಜೀವ ಕೂತು ಲೆಕ್ಕ ಹೇಳಬೇಕಿತ್ತು ಎಂದೇ ನನ್ನ ಅಭಿಪ್ರಾಯ. ಹೇಳದೆ ಹೋದ ಹಿರಿಯರ ತ್ಯಾಗ ಮಕ್ಕಳ ಪಾಲಿಗೆ ತೀರಿಸಲಾಗದ ಸಾಲವಾಗಿ ಉಳಿಯುತ್ತದೆ.

ಕಾಗದದ ವಿಷಯದಲ್ಲಿ ಎರಡೂ ಕಡೆ ತಪ್ಪು ತಿಳಿವಳಿಕೆ ಇದೆ. ಕಾರ್ಖಾನೆಯ ಸಂಬಳದಲ್ಲಿ ಅಪ್ಪ ಕೊಂಡ ಸೈಟು ಪಿತ್ರಾರ್ಜಿತವಲ್ಲ, ಸ್ವಯಾರ್ಜಿತ. ಅದರಲ್ಲಿ 'ನನ್ನ ಭಾಗ' ಎಂದು ಅಪ್ಪ ಬದುಕಿರುವಾಗ ಮಗ ಕೇಳುವಂತಿಲ್ಲ, ಮಗಳೂ ಕೇಳುವಂತಿಲ್ಲ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು. ಕರ್ನಾಟಕ 1994ರಲ್ಲೇ ಆ ದಾರಿ ಹಿಡಿಯಿತು, ದೇಶದ ಕಾಯ್ದೆ 2005ರಲ್ಲಿ ಬದಲಾಯಿತು, 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದು ಹುಟ್ಟಿನಿಂದ ಬಂದ ಹಕ್ಕು ಎಂದು ಸ್ಪಷ್ಟಪಡಿಸಿತು. ಅರಿಶಿನ ಕುಂಕುಮಕ್ಕೆ ಕರೆದು ಹೆಣ್ಣುಮಕ್ಕಳಿಂದ ಹಕ್ಕು ಖುಲಾಸೆಗೆ ಸಹಿ ಹಾಕಿಸಿಕೊಳ್ಳುವ ಪದ್ಧತಿ ನಿಲ್ಲಬೇಕು.

ಮಗನ ಹೆಸರಿಗೆ ದಾನಪತ್ರ ಬರೆದುಕೊಟ್ಟು ಆಮೇಲೆ ಕಣ್ಣೀರಿಡುವ ಹಿರಿಯರಿಗೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಇದೆ. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದಾಗ ಅದರ 23ನೇ ಸೆಕ್ಷನ್ನಿನಡಿ ಹಿಂಪಡೆಯಬಹುದು. ಪತ್ರದಲ್ಲಿ ಆ ಷರತ್ತು ಇರುವುದು ಮುಖ್ಯ. 2022ರ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒತ್ತಿ ಹೇಳಿದೆ, 2025ರ ಜನವರಿಯ ಇನ್ನೊಂದರಲ್ಲಿ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಎಂದಿದೆ. ದೂರು ಕೊಡಬೇಕಾದದ್ದು ಉಪವಿಭಾಗಾಧಿಕಾರಿಗೆ. ಜೀವನಾಂಶದ ಮಿತಿ ತಿಂಗಳಿಗೆ ಹತ್ತು ಸಾವಿರ. ಆದರೆ ಈ ಕಾಯ್ದೆಯನ್ನು ಸೊಸೆಯನ್ನು ಬೀದಿಗೆ ಹಾಕುವ ಅಸ್ತ್ರ ಮಾಡಿಕೊಳ್ಳುವಂತಿಲ್ಲ. ಬೆಂಗಳೂರಿನದೇ ಪ್ರಕರಣವೊಂದರಲ್ಲಿ, 2020ರ ಡಿಸೆಂಬರ್‌ನಲ್ಲಿ, ಗಂಡನ ಮನೆಯಲ್ಲಿ ವಾಸಿಸುವ ಸೊಸೆಯ ಹಕ್ಕನ್ನು ಈ ಕಾಯ್ದೆ ಅಳಿಸಲಾರದು ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಕೋರ್ಟಿನ ಮೆಟ್ಟಿಲು ಹತ್ತುವ ಮುಂಚೆ ಮಾತಾಡಬೇಕೆನಿಸಿದರೆ 1090 ಹಿರಿಯರ ಸಹಾಯವಾಣಿ ಇದೆ. ನಗರ ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟೂ ಸೇರಿ 2002ರಲ್ಲಿ ಶುರುಮಾಡಿದ್ದು. ದೇಶಕ್ಕೆಲ್ಲ 14567 ಇದೆ.

ಕಾಯ್ದೆ ಜಗಳವನ್ನು ತೀರಿಸುತ್ತದೆ, ಕಹಿಯನ್ನು ತೀರಿಸುವುದಿಲ್ಲ. ಅದಕ್ಕೆ ಮನೆಯ ಕತೆ ಪೂರ್ತಿಯಾಗಿ ಗೊತ್ತಾಗಬೇಕು. ಈ ಊರಿನ ಹಿರಿಯರಲ್ಲಿ ನನ್ನದೊಂದು ಕೋರಿಕೆ. ಟ್ರಂಕಿನಲ್ಲಿ ಹಳೆಯ ಸಂಬಳದ ಚೀಟಿ, ಯೂನಿಯನ್ ಚಂದಾ ರಸೀದಿ, ವೇತನ ಒಪ್ಪಂದದ ಪ್ರತಿ ಉಳಿದಿದ್ದರೆ ತೆಗೆದು ಮೊಮ್ಮಕ್ಕಳ ಕೈಗೆ ಕೊಡಿ. 77 ದಿನ ಒಲೆ ಹೇಗೆ ಉರಿಯಿತು ಎಂಬುದನ್ನು ಅಜ್ಜಿಯಂದಿರೇ ಹೇಳಲಿ, ಆ ಲೆಕ್ಕ ಗೊತ್ತಿರುವುದು ಅವರಿಗೇ. ನಿಮ್ಮ ಮನೆಯ ಹುಡುಗ ಪಾರ್ಸೆಲ್ ಹಂಚುವವನಾದರೆ, ಗಿಗ್ ಕಾರ್ಮಿಕರಿಗಾಗಿ ರಾಜ್ಯ 2025ರಲ್ಲಿ ಕಾಯ್ದೆ ಮಾಡಿದೆ, ಪ್ರತಿ ಆರ್ಡರಿನ ಪಾವತಿಯ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಂಪನಿಯಿಂದ ಬರಬೇಕು. ಅವನು ನೋಂದಾಯಿಸಿಕೊಂಡಿದ್ದಾನೆಯೇ ಕೇಳಿ. ಮಗಳು ಐ.ಟಿ. ಯೂನಿಯನ್ನಿನ ಸಭೆಗೆ ಹೊರಟರೆ ತಡೆಯಬೇಡಿ, ಜತೆಗೆ ಹೋಗಿ. ಗೇಟ್ ಸಭೆಯಲ್ಲಿ ಹೇಗೆ ಮಾತಾಡಬೇಕೆಂದು ಅವಳಿಗೆ ಹೇಳಿಕೊಡಬಲ್ಲವರು ನೀವೇ.

ಕಿರಿಯರೇ, ಇ.ಪಿ.ಎಸ್. ಪಿಂಚಣಿದಾರರು ಕನಿಷ್ಠ ಸಾವಿರ ರೂಪಾಯಿಯನ್ನು ಏರಿಸಿ ಎಂದು ವರ್ಷಗಳಿಂದ ಕೇಳುತ್ತಿದ್ದಾರೆ. ಆ ಧರಣಿಗಳಲ್ಲಿ ಕಾಣುವುದೆಲ್ಲ ಬಿಳಿ ತಲೆಗಳೇ. ಮುಂದಿನ ಸಲ ನಿಮ್ಮ ಅಪ್ಪನ ಪಕ್ಕದಲ್ಲಿ ನೀವೂ ಹೋಗಿ ಕೂತುಕೊಳ್ಳಿ.